ಕಾರಿಗೆ ವಿಮೆ ಇದೆ, ಓಡಿಸುವ ಹುಡುಗಿಗೆ?

ಪುಟ್ಟಿ, ಟೈಪ್ ಮಾಡುತ್ತಾ ಕುಳಿತರೆ ರಾತ್ರಿಯಾಗುತ್ತದೆ, ಬಾಯಲ್ಲೇ ಹೇಳಿಬಿಡುತ್ತೇನೆ. ಉದ್ದವಾಗುತ್ತದೆ, ಕೈಕೆಲಸ ಮಾಡಿಕೊಂಡೇ ಕೇಳು. ನಿಮ್ಮ ಮನೆಯಲ್ಲೇ ಇದ್ದು ಮಗುವನ್ನು ನೋಡಿಕೊಳ್ಳುವ ಖಾನಾಪುರದ ಹುಡುಗಿ ಇನ್ನು ಮೇಲೆ ಪುಣೆಯ ಬಾಣೇರ್‌ನಿಂದ ಔಂಧ್‌ನ ಶಾಲೆಗೆ ನಿಮ್ಮ ಕಾರು ಓಡಿಸುತ್ತಾಳೆ, ವಿಮೆಯಲ್ಲಿ ಅವಳ ಹೆಸರು ಸೇರಿಸಬೇಕೇ ಎಂದು ಈ ಮನೆಯವರ ಗುಂಪಿನಲ್ಲಿ ಕೇಳಿದ್ದೀಯ. ನ್ಯೂಜರ್ಸಿಯಿಂದ ನಿನ್ನ ದೊಡ್ಡಪ್ಪ ಸೇರಿಸಲೇಬೇಕು, ಇಲ್ಲದಿದ್ದರೆ ನಯಾಪೈಸೆ ಬರುವುದಿಲ್ಲ ಎಂದು ತೀರ್ಪು ಕೊಟ್ಟಿದ್ದಾರೆ. ಅಣ್ಣಾ, ನಿಮ್ಮಲ್ಲಿ ಅದು ಸರಿ. ಅಲ್ಲಿ ಒಂದೇ ಸೂರಿನಡಿ ಇರುವ, ಲೈಸೆನ್ಸ್ ಉಳ್ಳವರನ್ನೆಲ್ಲ ಕಂಪನಿಗೆ ತಿಳಿಸಬೇಕು. ಪುಣೆಯ ಕಾರಿಗೆ ಆ ನಿಯಮ ಹೊರಿಸಬೇಡಿ.

ಕ್ಲೇಮ್ ವಿಭಾಗದಲ್ಲಿ ಕುಳಿತೇ ತಲೆ ನರೆಸಿಕೊಂಡವಳು ನಾನು. ನಮ್ಮಲ್ಲಿ ವಿಮೆ ಕಾರಿನ ಜೊತೆ ಹೋಗುತ್ತದೆ. ನಿಮ್ಮ ಒಪ್ಪಿಗೆಯಿಂದ ಓಡಿಸುವವರು ಯಾರೇ ಆಗಲಿ, ಅಪಘಾತದ ದಿನ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದರೆ ಸಾಕು. ಬೆಳಗಾವಿಯ ಲೈಸೆನ್ಸ್ ಇಲ್ಲಿಯೂ ನಡೆಯುತ್ತದೆ. ಆದರೆ ಕಾರ್ಡನ್ನು ಕೈಗೆ ತೆಗೆದುಕೊಂಡು ನೋಡು. ವಾಹನದ ವರ್ಗದಲ್ಲಿ ಎಲ್‌ಎಂವಿ, ಅಂದರೆ ಕಾರಿನಂಥ ಲಘು ವಾಹನ, ಎಂದು ಇರಬೇಕು. ಬರೀ ಎಂಸಿಡಬ್ಲ್ಯೂಜಿ ಎಂದಿದ್ದರೆ ಅದು ಬೈಕು, ಸ್ಕೂಟರಿನದು. ಎಷ್ಟೋ ಹುಡುಗಿಯರ ಬಳಿ ಇರುವುದು ಅಷ್ಟೇ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಲೈಸೆನ್ಸ್ ನಂಬರು ಹಾಕಿ ತಾಳೆ ನೋಡು, ಅದರ ಒಂದು ಪ್ರತಿ ತೆಗೆದಿಟ್ಟುಕೋ. ಲೈಸೆನ್ಸ್ ಇಲ್ಲದವರ ಕೈಗೆ ಕಾರು ಕೊಟ್ಟರೆ ಮಾಲೀಕರಿಗೆ 5,000 ರೂಪಾಯಿ ದಂಡ, ಮೂರು ತಿಂಗಳ ತನಕ ಜೈಲೂ ಆಗಬಹುದು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. ಗಾಯಗೊಂಡ ದಾರಿಹೋಕರಿಗೆ ಕಂಪನಿ ಹಣ ಕೊಟ್ಟು, ಆಮೇಲೆ ನಿಮ್ಮಿಂದ ವಸೂಲಿಗೆ ನಿಲ್ಲಬಹುದು. ಮಾಲೀಕರು ಲೈಸೆನ್ಸ್ ವಿಷಯದಲ್ಲಿ ತಕ್ಕ ಎಚ್ಚರ ವಹಿಸಲಿಲ್ಲ ಎಂದು ಕಂಪನಿಯೇ ರುಜುವಾತು ಮಾಡಬೇಕು ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಗ ಕೆಲಸಕ್ಕೆ ಬರುವುದು ನೀನು ತೆಗೆದಿಟ್ಟ ಆ ಲೈಸೆನ್ಸ್ ಪ್ರತಿ.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಅವಳಿಗೇ ಏಟಾದರೆ? ಪಾಲಿಸಿಯ ಮೊದಲ ಹಾಳೆಯಲ್ಲಿ ಪ್ರೀಮಿಯಂ ಲೆಕ್ಕ ಸಾಮಾನ್ಯವಾಗಿ ಎರಡು ಭಾಗವಾಗಿರುತ್ತದೆ. ಒಂದು ಕಾರಿನ ಹಾನಿಯದು, ಇನ್ನೊಂದು ಹೊಣೆಗಾರಿಕೆಯದು, ಅಂದರೆ ಮುಖ್ಯವಾಗಿ ಬೇರೆಯವರಿಗೆ ನೀವು ಕೊಡಬೇಕಾಗುವ ಪರಿಹಾರದ್ದು. ಹೊಣೆಗಾರಿಕೆಯ ಕಡೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಎಂದು ಕಂಡರೆ ಸಮಾಧಾನಪಡಬೇಡ. ಅದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ ಮಾತ್ರ. ನಿಮ್ಮ ಕಾರು ಅಳಿಯಂದಿರ ಹೆಸರಿನಲ್ಲಿದೆ, ಹಾಗಾಗಿ ನೀನು ಓಡಿಸುವಾಗಲೂ ಆ 15 ಲಕ್ಷ ನಿನ್ನದಲ್ಲ! ಇನ್ನು ಆ ಹುಡುಗಿಯ ಮಾತೆಲ್ಲಿ?

ಅದೇ ಕಡೆ ಸಂಬಳದ ಡ್ರೈವರ್‌ಗೆ ಒಂದು ಸಾಲು, ಕಾರಿನಲ್ಲಿ ಓಡಾಡುವ ಅಥವಾ ಅದನ್ನು ಓಡಿಸುವ ಇತರ ನೌಕರರಿಗೆ ಇನ್ನೊಂದು ಸಾಲು ಸೇರಿಸಿಕೊಳ್ಳಬಹುದು. ತಲೆಗೆ 50 ರೂಪಾಯಿ, ಜಿಎಸ್‌ಟಿ ಸೇರಿ 59. ಬೇಲ್‌ಪುರಿಯ ದುಡ್ಡು. ಕೆಲಸದ ವೇಳೆ ಅವಳಿಗೆ ಅನಾಹುತವಾಗಿ ಪರಿಹಾರದ ಹೊಣೆ ನಿಮ್ಮ ತಲೆಗೆ ಬಂದಾಗ ಅದನ್ನು ಹೊರುವುದು ಈ ಸಾಲು. ಏಜೆಂಟ್ ತಾನಾಗಿ ಹೇಳುವುದಿಲ್ಲ, 50 ರೂಪಾಯಿಯಲ್ಲಿ ಅವನಿಗೇನು ಸಿಗುತ್ತದೆ? ಅವಳ ಮುಖ್ಯ ಕೆಲಸ ಮಗು ನೋಡಿಕೊಳ್ಳುವುದು, ಜೊತೆಗೆ ಕಾರೂ ಓಡಿಸುತ್ತಾಳೆ ಎಂದು ಇಮೇಲ್‌ನಲ್ಲಿ ಬರೆದು, ಯಾವ ಸಾಲು ಬೇಕೆಂದು ಕಂಪನಿಯಿಂದಲೇ ಲಿಖಿತ ಉತ್ತರ ಪಡೆ. ನವೀಕರಣದ ತನಕ ಕಾಯಬೇಕಿಲ್ಲ, ನಡುವೆಯೂ ಸೇರಿಸುತ್ತಾರೆ.

ಆದರೂ ಅದು ನಿಮ್ಮ ಹೊಣೆಗೆ ರಕ್ಷಣೆ. ಅವಳಿಗೋ ಅವಳ ಮನೆಯವರಿಗೋ ನೇರವಾಗಿ ಹಣ ಬರುವಂಥದ್ದು ಬೇಕಾದರೆ, ಅವಳ ಬ್ಯಾಂಕ್ ಖಾತೆಯಿಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. 2 ಲಕ್ಷ ಏನೇನೂ ಸಾಲದು ಎನ್ನುವವಳು ನಾನು, ಅದಕ್ಕೇ ಸರಳ ಸುರಕ್ಷಾ ಬಿಮಾ ಎಂಬ ವೈಯಕ್ತಿಕ ಅಪಘಾತ ವಿಮೆಯನ್ನೂ ಕೇಳು. ಎರಡೂವರೆ ಲಕ್ಷದಿಂದ ಒಂದು ಕೋಟಿಯ ತನಕ ಸಿಗುತ್ತದೆ. ಕಂತು ನೀವು ಕಟ್ಟಿ, ಅವಳ ಸಂಬಳದಲ್ಲಿ ಹಿಡಿಯಬೇಡಿ.

ಗೇಟಿಗೆ ಕಾರು ಉಜ್ಜಿದಳೆಂದು ಕ್ಲೇಮ್‌ಗೆ ಓಡಬೇಡ, ವರ್ಷಗಟ್ಟಲೆ ಕೂಡಿಟ್ಟ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಸೊಸೈಟಿಯ ಬೇರೆ ಮಕ್ಕಳನ್ನೂ ತಿಂಗಳಿಗೆ ಇಷ್ಟೆಂದು ಹಣ ಪಡೆದು ಕೂರಿಸಿಕೊಳ್ಳುವ ಮಾತು ಬಂದರೆ ಅಲ್ಲೇ ನಿಲ್ಲಿಸು. ಖಾಸಗಿ ಕಾರಿನ ವಿಮೆ ಬಾಡಿಗೆಗೆ ನಡೆಯುವುದಿಲ್ಲ.

ಪಾಲಿಸಿ ಹಾಳೆಯ ಫೋಟೋ ನನಗೊಬ್ಬಳಿಗೇ ಕಳಿಸು. ಈ ಗುಂಪಿನಲ್ಲಿ ಹಾಕಬೇಡ, ಅದರಲ್ಲಿ ವಿಳಾಸ, ಚಾಸಿ ನಂಬರು ಎಲ್ಲ ಇರುತ್ತದೆ.