ಒಂಬತ್ತು ಬಾರದೆಂದು ಲ್ಯಾಟಿನ್ ಬಿಡಿಸಬೇಕೇ?

ಕಳೆದ ಸಂಚಿಕೆಯ ಸಮಸ್ಯೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಒಂಬತ್ತನೆಯ ತರಗತಿಯ ಮಗಳು ಜಿಸಿಎಸ್‌ಇಗೆ (ಇಲ್ಲಿ ಹದಿನಾರರ ಹೊತ್ತಿಗೆ ಬರೆಯುವ ಪರೀಕ್ಷೆ) ಲ್ಯಾಟಿನ್ ತೆಗೆದುಕೊಳ್ಳುತ್ತೇನೆಂದು ಹಟ ಹಿಡಿದಿದ್ದಾಳೆ. ‘ಅದಕ್ಕೆ ಸೇರುವವರೆಲ್ಲ ಜಾಣರೇ. ಅವರ ನಡುವೆ ಇವಳಿಗೆ ಎಲ್ಲಕ್ಕಿಂತ ಮೇಲಿನ 9ನೇ ಗ್ರೇಡ್ ಎಲ್ಲಿಂದ ಬರಬೇಕು? ಕಂಪ್ಯೂಟರ್ ಸೈನ್ಸ್ ಓದಲಿ’ ಎಂದು ಯಜಮಾನರು. ಇಬ್ಬರ ನಡುವೆ ನಾನು ಅಡಕೆಯಾಗಿದ್ದೇನೆ.

ಮ್ಯಾಂಚೆಸ್ಟರ್‌ನಿಂದ ಒಬ್ಬ ಅಪ್ಪ

ನಿಮ್ಮ ಯಜಮಾನರ ಮಾತನ್ನೇ ಕೆಲವು ವರ್ಷಗಳ ಹಿಂದೆ ನಾನೂ ಆಡಿದ್ದೆ. ಮಗ ಜಗ್ಗಲಿಲ್ಲ. ಸೋತ ಮೇಲೆ, ಈ ಗ್ರೇಡ್ ಕೊಡುವುದಾದರೂ ಹೇಗೆ ಎಂದು ಓದಲು ಕುಳಿತೆ.

ಎ ಸ್ಟಾರ್‌ನಿಂದ ಜಿವರೆಗಿನ ಅಕ್ಷರಗಳು ಹೋಗಿ 9ರಿಂದ 1ರವರೆಗಿನ ಅಂಕಿಗಳು ಬಂದದ್ದು ಇಂಗ್ಲಿಷ್, ಗಣಿತಕ್ಕೆ 2017ರಲ್ಲಿ. ಲ್ಯಾಟಿನ್, ಗ್ರೀಕ್‌ಗೆ 2018ರಲ್ಲಿ. ಹಳೆಯ ಎ ಶುರುವಾಗುತ್ತಿದ್ದ ಜಾಗದಲ್ಲಿ 7, ಸಿ ಇದ್ದ ಜಾಗದಲ್ಲಿ 4. 9 ಎಷ್ಟು ಮಂದಿಗೆ ಎನ್ನುವುದಕ್ಕೆ ಮೊದಲ ವರ್ಷ ಒಂದು ಸೂತ್ರ ಇಟ್ಟರು. ನೂರಕ್ಕೆ ಎಷ್ಟು ಮಂದಿ 7 ಅಥವಾ ಅದರ ಮೇಲೆ ಬಂದರೋ ಆ ಸಂಖ್ಯೆಯನ್ನು ಅರ್ಧ ಮಾಡಿ, 7 ಕೂಡಿಸಬೇಕು. 7ನೇ ಗ್ರೇಡ್ ಅಥವಾ ಅದರ ಮೇಲೆ ಬಂದವರಲ್ಲಿ ಅಷ್ಟು ಶೇಕಡಾ ಮಂದಿಗೆ 9. ನೂರಕ್ಕೆ 20 ಮಂದಿ 7 ಮುಟ್ಟುವ ವಿಷಯವಾದರೆ ಅವರಲ್ಲಿ ಶೇ 17, ಎಂದರೆ ಮೂರ್ನಾಲ್ಕು ಮಂದಿಗೆ. ಜಾಣರೇ ತುಂಬಿರುವ ವಿಷಯದಲ್ಲಿ 70 ಮಂದಿ ಮುಟ್ಟಿದರು ಎನ್ನಿ, ಶೇ 42, ಸುಮಾರು 29 ಮಂದಿಗೆ. ಮುಂದೆ ಆ ಮಟ್ಟವನ್ನೇ ಕಾಯ್ದುಕೊಂಡು ಬರುತ್ತಾರೆ. ಜಾಣರ ಗುಂಪಿಗೆ ಹೋದರೆ ನಷ್ಟ ಎನ್ನುವ ನಮ್ಮ ಗಂಡಸರ ಲೆಕ್ಕ ಇಲ್ಲಿ ತಲೆಕೆಳಗು.

ಕಿರಿಕಿರಿ ಇರುವುದು ಬೇರೆ ಕಡೆ. ಮೊದಲು ಎ ಸ್ಟಾರ್ ಬಂದರೆ ಮುಗಿಯಿತು, ಅದರ ಮೇಲೆ ಏನೂ ಇರಲಿಲ್ಲ. ಈಗ ಅಲ್ಲಿ 8, 9 ಎಂದು ಎರಡು ಮೆಟ್ಟಿಲು. ನನ್ನ ಮಗನಿಗೆ 8 ಬಂತು. ದಾವಣಗೆರೆಯಿಂದ ಅವನ ಅಜ್ಜಿ ಫೋನಿನಲ್ಲಿ ಕೇಳಿದ್ದು: ‘ಇನ್ನೊಂದು ಎಲ್ಲಿ ಹೋಯಿತು?’

ಓದು ಕಷ್ಟವೇ ಎಂದರೆ, ಅರ್ಧ ಅಂಕ ಭಾಷೆಗೆ, ಅರ್ಧ ಸಾಹಿತ್ಯ, ಸಂಸ್ಕೃತಿಗೆ. ಭಾಷೆಗೆ ಸುಮಾರು 450 ಪದಗಳ ಪಟ್ಟಿಯನ್ನು ಮೊದಲೇ ಕೊಟ್ಟಿರುತ್ತಾರೆ. ಮಗ ಅವನ್ನು ಚೀಟಿಗಳಲ್ಲಿ ಬರೆದು ಅಡುಗೆಮನೆಯ ಕಪಾಟಿಗೆಲ್ಲ ಅಂಟಿಸಿದ್ದ. ಸಕ್ಕರೆ ಡಬ್ಬಿಗೆ ಕೈ ಹಾಕಿದರೆ ‘ನಾವಿಸ್: ಹಡಗು’. ಇದು ನಮ್ಮ ನಾವೆಯ ನೆಂಟನಲ್ಲವೇನೋ ಎಂದೆ. ಎಷ್ಟೋ ದಿನಗಳ ಮೇಲೆ ಅವನು ನನ್ನ ಮುಖವನ್ನು ಗೌರವದಿಂದ ನೋಡಿದ.

ಶಿರಸಿಯಿಂದ ನಿವೃತ್ತ ಸಂಸ್ಕೃತ ಶಿಕ್ಷಕಿ

ತಾಯಿ, ನಿಮ್ಮ ಮನೆಯದು ನಮ್ಮ ಕಡೆಯದರ ತಿರುಗುಮುರುಗು. ಇಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೇ 125 ಅಂಕ. ಪೂರ್ತಿ ಅಂಕ ಬರುತ್ತದೆಂದು ಅಪ್ಪ ಅಮ್ಮಂದಿರೇ ಮಕ್ಕಳನ್ನು ಸಂಸ್ಕೃತಕ್ಕೆ ನೂಕುತ್ತಾರೆ. ‘ರಾಮಃ ರಾಮೌ ರಾಮಾಃ’ ಗಿಳಿಪಾಠ ಒಪ್ಪಿಸಿ, ಪಿಯುಸಿಗೆ ಕಾಲಿಟ್ಟ ದಿನವೇ ಮರೆತವರು ನನ್ನ ತರಗತಿಯಲ್ಲಿ ಬೇಕಾದಷ್ಟಿದ್ದರು. ತಾನಾಗಿ ಬಂದು ಕುಳಿತ ಒಬ್ಬಳು, ತೃತೀಯಾ ವಿಭಕ್ತಿ ಹೇಳಿಕೊಡುವಾಗ ‘ಇದು ನಮ್ಮ ಕತ್ತಿಯಿಂದ, ಕೈಯಿಂದ ಅಲ್ಲವೇ ಟೀಚರ್?’ ಎಂದಿದ್ದಳು. ಅವಳಿಗೆ ಎಷ್ಟು ಅಂಕ ಬಂತೋ ಮರೆತಿದ್ದೇನೆ.

ಲ್ಯಾಟಿನ್‌ನಲ್ಲೂ ನಾಮಪದದ ಬಾಲ ಬದಲಾಗುತ್ತದೆ. ನಿಮ್ಮ ಮಗಳು ಮನೆಯಲ್ಲಿ ಕನ್ನಡ ಮಾತನಾಡುವವಳಾದರೆ ಅದು ಅವಳಿಗೆ ಹೊಸತಲ್ಲ. ಪಕ್ಕದ ಬೆಂಚಿನ ಇಂಗ್ಲಿಷ್ ಹುಡುಗಿಗೆ ಹೊಸತು.

ಲೆಸ್ಟರ್‌ನಿಂದ ಒಬ್ಬ ಓದುಗರು

ಗ್ರೇಡಿನ ಜಗಳ ಆಮೇಲೆ. ಮೊದಲು ಶಾಲೆಯಲ್ಲಿ ಕೇಳಿ: ಪರೀಕ್ಷೆ ಮುಗಿಯುವವರೆಗೂ ಲ್ಯಾಟಿನ್‌ಗೆ ಶಿಕ್ಷಕರು ಇರುತ್ತಾರೆಯೇ? ತರಗತಿ ವೇಳಾಪಟ್ಟಿಯೊಳಗಿದೆಯೇ, ಊಟದ ಬಿಡುವಿನಲ್ಲಿದೆಯೇ? ಸರ್ಕಾರಿ ಶಾಲೆಗಳಲ್ಲಿ ಲ್ಯಾಟಿನ್ ಬೆಳೆಸಲೆಂದು 2022ರಲ್ಲಿ ಶುರುವಾದ ಯೋಜನೆಯ ಹಣ 2025ರ ಫೆಬ್ರವರಿಯಲ್ಲಿ, ಶಾಲಾ ವರ್ಷದ ನಡುವೆಯೇ ನಿಂತುಹೋಯಿತು. ಶಾಲೆಗಳನ್ನು ಅಳೆಯುವ ‘ಇಬ್ಯಾಕ್’ ಲೆಕ್ಕದಲ್ಲಿ ಲ್ಯಾಟಿನ್ ಭಾಷೆಯಾಗಿ ಸೇರುತ್ತಿತ್ತು. ಆ ಲೆಕ್ಕವನ್ನೇ ಕೈಬಿಡುವುದಾಗಿ ಸರ್ಕಾರ 2025ರ ನವೆಂಬರ್‌ನಲ್ಲಿ ಹೇಳಿದೆ. ವಿಷಯವನ್ನು ಉಳಿಸಿಕೊಳ್ಳಲು ಶಾಲೆಗಿದ್ದ ಒಂದು ಕಾರಣವೂ ಹೋದಂತೆ. ನನಗೆ ಭಯವಿರುವುದು ಇದರದೇ, 9ರದಲ್ಲ.

ಬರ್ಮಿಂಗ್‌ಹ್ಯಾಮ್‌ನಿಂದ ಎ ಲೆವೆಲ್ (ಜಿಸಿಎಸ್‌ಇ ನಂತರದ ಓದು) ವಿದ್ಯಾರ್ಥಿನಿ

ಆಂಟಿ, ನನಗೆ ಲ್ಯಾಟಿನ್‌ನಲ್ಲಿ 6 ಬಂತು. ಪದ್ಯಭಾಗದ ಅನುವಾದವನ್ನು ಉರು ಹೊಡೆದಿದ್ದೆ. ಕೇಳಿದ ಸಾಲುಗಳನ್ನು ಬಿಟ್ಟು ಅದರ ಮುಂದಿನ ಎರಡು ಸಾಲಿನ ಅನುವಾದ ಬರೆದು ಬಂದೆ. ಅಪ್ಪ ಒಂದು ವಾರ ಮಾತನಾಡಲಿಲ್ಲ. ಈಗ ಕೆಮಿಸ್ಟ್ರಿ, ಬಯಾಲಜಿ, ಗಣಿತ ಓದುತ್ತಿದ್ದೇನೆ. ಆ 6ರ ಬಗ್ಗೆ ಇಲ್ಲಿ ಯಾರೂ ಕೇಳಿಲ್ಲ, ಅಪ್ಪನೊಬ್ಬರನ್ನು ಬಿಟ್ಟು. ಇನ್ನೊಮ್ಮೆ ಆರಿಸಿಕೊಳ್ಳುವ ಅವಕಾಶ ಸಿಕ್ಕಿದ್ದರೆ ಲ್ಯಾಟಿನ್ ಜೊತೆಗೆ ಗ್ರೀಕ್ ಕೂಡ ತೆಗೆದುಕೊಳ್ಳುತ್ತಿದ್ದೆ. ಇದನ್ನು ಅಂಕಲ್‌ಗೆ ತೋರಿಸಬೇಡಿ.