ಗೆರಿಂಗ್‌ಗೆ ಹೋದರೆ ಮಗಳ ಕನ್ನಡದ ಗತಿ ಏನು?

ಎಡಿಸನ್ ಅಮ್ಮ: ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ನಮ್ಮ ಯಜಮಾನರಿಗೆ ನೆಬ್ರಾಸ್ಕಾದ ಪಶ್ಚಿಮ ತುದಿಯ ಸ್ಕಾಟ್ಸ್ ಬ್ಲಫ್ ಕೌಂಟಿಯಲ್ಲಿ ಡಾಕ್ಟರ್ ಕೆಲಸ ಸಿಕ್ಕಿದೆ. ಜೆ-1 ವೇವರ್ (ಜೆ-1 ವೀಸಾದವರು ತಾಯ್ನಾಡಿಗೆ ವಾಪಸ್ ಹೋಗಬೇಕೆಂಬ ನಿಯಮದಿಂದ ವಿನಾಯಿತಿ), ಅದಕ್ಕೆ ಮೂರು ವರ್ಷ ಅಲ್ಲೇ ಇರಬೇಕು. ಅಲ್ಲಿನ ಗೆರಿಂಗ್ ಊರಿನಲ್ಲಿ ಮನೆ ನೋಡುತ್ತಿದ್ದೇವೆ. ಮಗಳಿಗೆ ಏಳು ವರ್ಷ. ಶನಿವಾರದ ಕನ್ನಡ ಕ್ಲಾಸಿನಲ್ಲಿ ಈಗಷ್ಟೇ ಒತ್ತಕ್ಷರಕ್ಕೆ ಬಂದಿದ್ದಾಳೆ. ನಿನ್ನೆ ‘ಅಕ್ಕ’ ಅಂತ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಆ ಕಾಗದ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ. ಊರು ಹೇಗಿದೆ? ಕ್ಲಾಸಿಗೆ ಏನು ಮಾಡುವುದು?

ಮಂಡ್ಯ ಟು ಡೆನ್ವರ್: ನಾನು ಆ ಕಡೆ ಮೂರು ಸಲ ಹೋಗಿದ್ದೇನೆ. ನಮ್ಮ ಸೀಮೆಯವರಿಗೆ ಹೇಳಿ ಮಾಡಿಸಿದ ಜಾಗ. ಮಳೆ ವರ್ಷಕ್ಕೆ ಹದಿನೈದು ಇಂಚು ಅಷ್ಟೇ, ಆದರೂ ಹೊಲ ಹಸಿರು. ಯಾಕೆ? ನಾಲೆ ನೀರು! ಮೇಲೆ ವ್ಯೋಮಿಂಗ್‌ನಲ್ಲಿ ನಾರ್ತ್ ಪ್ಲಾಟ್ ನದಿಗೆ ಪಾತ್‌ಫೈಂಡರ್ ಅಣೆಕಟ್ಟು ಕಟ್ಟಿದ್ದು 1909ರಲ್ಲಿ. ನಮ್ಮ ಕನ್ನಂಬಾಡಿ ಕೆಲಸ ಶುರುವಾಗಿದ್ದು 1911ರಲ್ಲಿ. ಅಲ್ಲಿ ಕಬ್ಬಿಲ್ಲ, ಶುಗರ್ ಬೀಟ್. 1910ರಲ್ಲೇ ಸಕ್ಕರೆ ಕಾರ್ಖಾನೆ ಬಂತು. ಬೀಟ್ ತುಂಬಿದ ಲಾರಿಗಳು ಸಾಲಾಗಿ ಹೋಗುವುದು ನೋಡಿ ನನಗೆ ಕಣ್ಣು ತುಂಬಿ ಬಂತು. ನಮ್ಮಪ್ಪ ಎತ್ತಿನ ಗಾಡಿಯಲ್ಲಿ ಕಬ್ಬು ಹೇರಿಕೊಂಡು ಹೋಗಿ ರಾತ್ರಿಯಿಡೀ ಕಾರ್ಖಾನೆ ಗೇಟಿನಲ್ಲಿ ಕಾಯುತ್ತಿದ್ದರು.

ಡಲ್ಲಾಸ್ ಹಿರಿಯ: ಹೋಗಬೇಡಿ. ನೇರವಾಗಿ ಹೇಳುತ್ತೇನೆ. 2004ರಲ್ಲಿ ನಾವೂ ಹೀಗೇ ಒಂದು ಸಣ್ಣ ಊರಿಗೆ ಹೋದೆವು. ಐದು ವರ್ಷ ಇದ್ದೆವು. ಮಗನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನಮ್ಮಮ್ಮ ಹಾಸಿಗೆ ಹಿಡಿದಾಗ ಫೋನಿನಲ್ಲಿ ‘ಊಟ ಆಯ್ತಾ ಕಂದ’ ಅಂದರು. ಇವನು ‘ಯೆಸ್ ಅಜ್ಜಿ’ ಅಂದ. ಕೊನೆಯ ಮಾತು ಅದೇ. ಜನ ಇದ್ದ ಕಡೆ ಭಾಷೆ ಇರುತ್ತದೆ. ಗಂಡ ಅಲ್ಲಿರಲಿ, ನೀವು ಮಗು ಎಡಿಸನ್‌ನಲ್ಲೇ ಇರಿ.

ಶಿವಮೊಗ್ಗ_ಸಿಯಾಟಲ್: ಹಿರಿಯರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಮಕ್ಕಳು ಇಬ್ಬರೂ ರಾಜ್ಯೋತ್ಸವದ ನಾಟಕದಲ್ಲಿ ಪಾರ್ಟ್ ಮಾಡುತ್ತಾರೆ. ಮನೆಯಲ್ಲಿ ಇಂಗ್ಲಿಷ್ ಆಡಿದರೆ ಆ ದಿನ ಟಿವಿ ಇಲ್ಲ. ಇಷ್ಟೇ ನಿಯಮ.

ಲಿಂಕನ್ ನಿವಾಸಿ: ನಾನು ನೆಬ್ರಾಸ್ಕಾದವಳೇ. ಇಲ್ಲಿನ ಒಂದು ಕಥೆ ಕೇಳಿ. 1919ರಲ್ಲಿ ಈ ರಾಜ್ಯ ಒಂದು ಕಾನೂನು ಮಾಡಿತು. ಎಂಟನೇ ಕ್ಲಾಸ್ ಪಾಸಾಗುವ ತನಕ ಶಾಲೆಯಲ್ಲಿ ಮಗುವಿಗೆ ಬೇರೆ ಭಾಷೆ ಕಲಿಸುವುದೇ ಅಪರಾಧ. ಮೊದಲ ಮಹಾಯುದ್ಧ ಆಗತಾನೇ ಮುಗಿದಿತ್ತು, ಜರ್ಮನ್ ಅಂದರೆ ದ್ವೇಷ. ರಾಬರ್ಟ್ ಮೇಯರ್ ಅನ್ನುವ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದರು. 25 ಡಾಲರ್ ದಂಡ ಬಿತ್ತು. ಅವರು ಸುಮ್ಮನಾಗಲಿಲ್ಲ. 1923ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನೇ ಹೊಡೆದು ಹಾಕಿತು. ನಮ್ಮ ಭಾಷೆಯನ್ನು ಮಕ್ಕಳಿಗೆ ಕಲಿಸುವ ಹಕ್ಕು ಇಡೀ ಅಮೆರಿಕಕ್ಕೆ ಸಿಕ್ಕಿದ್ದು ಈ ನೆಬ್ರಾಸ್ಕಾದ ಕೇಸಿನಿಂದ. ಇಲ್ಲಿಗೆ ಬರಲು ಹೆದರಬೇಡಿ.

ಡಲ್ಲಾಸ್ ಹಿರಿಯ: ಕೋರ್ಟ್ ಗೆದ್ದರು, ಜರ್ಮನ್ ಉಳಿಯಿತಾ? ಸ್ಕಾಟ್ಸ್‌ಬ್ಲಫ್‌ನ ಬೀಟ್ ಹೊಲಕ್ಕೆ ದುಡಿಯಲು ಬಂದವರಲ್ಲಿ ರಷ್ಯಾದಲ್ಲಿ ನೆಲೆಸಿದ್ದ ಜರ್ಮನ್ನರು ಬಹಳ ಜನ. ಅಲ್ಲಿನ ವೋಲ್ಗಾ ನದಿ ದಡದಲ್ಲಿ ನೂರು ವರ್ಷಕ್ಕೂ ಜಾಸ್ತಿ ಕಾಪಾಡಿಕೊಂಡಿದ್ದ ಭಾಷೆಯನ್ನು ಇಲ್ಲಿ ಮೊಮ್ಮಕ್ಕಳ ಕಾಲಕ್ಕೆ ಕಳೆದುಕೊಂಡರು.

ಲಿಂಕನ್ ನಿವಾಸಿ: ಅವರ ಹತ್ತಿರ ಜನ ಇದ್ದರು, ಚರ್ಚ್ ಇತ್ತು. ಆದರೂ ಹೋಯಿತು. ಹಾಗಾದರೆ ಎಡಿಸನ್‌ನಲ್ಲಿದ್ದರೂ ಹೋಗಬಹುದು ಅಲ್ವಾ?

ಡಲ್ಲಾಸ್ ಹಿರಿಯ: ನಾನು ಅನುಭವಿಸಿದ್ದು ಹೇಳುತ್ತಿದ್ದೇನೆ. ಪುಸ್ತಕದ ಮಾತಲ್ಲ.

ಗೆರಿಂಗ್‌ನಲ್ಲಿದ್ದೆ: ನಾಲ್ಕು ವರ್ಷ ಅಲ್ಲಿದ್ದೆವು. ಕೌಂಟಿ ಕೇಂದ್ರ ಗೆರಿಂಗ್, ನದಿ ದಾಟಿದರೆ ಸ್ಕಾಟ್ಸ್‌ಬ್ಲಫ್ ಊರು, ಅಂಗಡಿಗಳು ಅಲ್ಲಿ ಜಾಸ್ತಿ. ಬೇಳೆ, ಸೋನಾ ಮಸೂರಿಗೆ ಡೆನ್ವರ್, ಸುಮಾರು ಇನ್ನೂರು ಮೈಲಿ. ತಿಂಗಳಿಗೊಮ್ಮೆ ಹೋಗಿ ತುಂಬಿಕೊಂಡು ಬನ್ನಿ. ಚಳಿಗಿಂತ ಗಾಳಿ ಕಷ್ಟ. ಕ್ಲಾಸ್ ಬಿಡಿಸಬೇಡಿ. ಅದು ಮೌಂಟನ್ ಟೈಮ್, ನಿಮಗಿಂತ ಎರಡು ಗಂಟೆ ಹಿಂದೆ. ಎಡಿಸನ್‌ನ ಹತ್ತು ಗಂಟೆ ಕ್ಲಾಸ್ ನಿಮಗೆ ಬೆಳಿಗ್ಗೆ ಎಂಟಕ್ಕೆ. ವಿಡಿಯೋದಲ್ಲಿ ಕೂರಿಸಿ. ಆಗಸ್ಟಿನಲ್ಲಿ ಮಿಚೆಲ್‌ನ ಕೌಂಟಿ ಜಾತ್ರೆಗೆ ಕರೆದುಕೊಂಡು ಹೋಗಿ, ಮಕ್ಕಳು ತಾವೇ ಸಾಕಿದ ಕರು ತರುತ್ತಾರೆ.

ಊರಾಚೆ ಒಂದು ಸಮಾಧಿ ಇದೆ, ಅದನ್ನೂ ತೋರಿಸಿ. 1852ರಲ್ಲಿ ಗಾಡಿಯಲ್ಲಿ ಯೂಟಾ ಕಡೆ ಹೊರಟಿದ್ದ ರೆಬೆಕಾ ವಿಂಟರ್ಸ್ ಅಲ್ಲಿ ಕಾಲರಾದಿಂದ ತೀರಿಕೊಂಡರು. ಕಲ್ಲು ಸಿಗಲಿಲ್ಲವೋ ಏನೋ, ಗಾಡಿ ಚಕ್ರದ ಕಬ್ಬಿಣದ ಪಟ್ಟಿಯ ಮೇಲೆ ಹೆಸರು, ವಯಸ್ಸು ಕೆತ್ತಿ ನೆಟ್ಟರು. ಮುಂದೆ ರೈಲು ಹಾದಿ ಅಳೆಯಲು ಬಂದವರು ಅದನ್ನು ನೋಡಿ ಹಾದಿಯನ್ನೇ ಪಕ್ಕಕ್ಕೆ ಸರಿಸಿದರಂತೆ. ಅಕ್ಷರ ಇವತ್ತಿಗೂ ಓದಬಹುದು.

ಶಿವಮೊಗ್ಗ_ಸಿಯಾಟಲ್: ವಿಡಿಯೋ ಕ್ಲಾಸಿನಲ್ಲಿ ಮಕ್ಕಳು ಕಲಿಯುವುದಿಲ್ಲ. ಹಿರಿಯರ ಮಾತು ಕೇಳಿ.

ಎಡಿಸನ್ ಅಮ್ಮ: ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಮಗಳಿಗೆ ಆ ಚಕ್ರದ ಫೋಟೋ ತೋರಿಸಿದೆ. ‘ಕಬ್ಬಿಣದಲ್ಲಿ ಒತ್ತಕ್ಷರ ಕೆತ್ತಕ್ಕಾಗತ್ತಾ?’ ಅಂದಳು. ಕ್ಲಾಸಿನ ಮೇಡಂ ಹತ್ತಿರ ಮಾತಾಡಿದೆ, ಲ್ಯಾಪ್‌ಟಾಪ್ ಇಡುತ್ತೇನೆ ಅಂದರು. ಗಾಳಿ ತಡೆಯುವ ಜಾಕೆಟ್ ಇಲ್ಲೇ ತೆಗೆದುಕೊಳ್ಳಲಾ, ಅಲ್ಲೇ ಸಿಗುತ್ತದಾ?