ಪೋರಸ್ ಸೈನ್ಯದ ಆನೆಗಳನ್ನು ಉಳಿಸಿಕೊಳ್ಳುವುದು ಹೇಗೆ?

ಕಾಳಿ ದಂಡೆ (ಕಾರವಾರ)
ನಮಸ್ಕಾರ ಎಲ್ಲರಿಗೂ. ಶಿರಸಿಯ ಗೆಳೆಯನ ಜೊತೆ ಡಿಬಿಎ (ಗೊಂಬೆ ಸೈನ್ಯ ಇಟ್ಟು ಹಳೆಯ ಕಾಲದ ಯುದ್ಧ ಆಡುವ ಬೋರ್ಡಿನ ಆಟ) ಆಡುತ್ತೇನೆ, 15 ಮಿಮೀ ಗೊಂಬೆಗಳು, ಎರಡಡಿ ಚೌಕದ ಬೋರ್ಡು, ಇಬ್ಬರಿಗೂ 12 ಬೇಸ್ (ಗೊಂಬೆಗಳನ್ನು ಅಂಟಿಸಿದ ಹಲಗೆ, ಒಂದೊಂದೂ ಒಂದು ತುಕಡಿ). ಅವನದು ಅಲೆಕ್ಸಾಂಡರ್, ನನ್ನದು ಪೋರಸ್. ಕ್ರಿ.ಪೂ. 326ರ ಝೇಲಂ ನದಿ ಕಾಳಗ. ಆನೆಗಳನ್ನು ನೇರ ಅವನ ಉದ್ದ ಈಟಿಯವರ ಮೇಲೆ ನುಗ್ಗಿಸುತ್ತೇನೆ, ಅಷ್ಟರಲ್ಲಿ ಅವನ ಹಗುರ ಕಾಲಾಳುಗಳು ಬಂದು ಆನೆ ಹೊಡೆದು ಹಾಕುತ್ತಾರೆ. ನಾಲ್ಕು ಬೇಸ್ ಹೋದರೆ ಆಟ ಕೈ ಬಿಟ್ಟ ಹಾಗೇ ಅಲ್ವಾ? ಏನು ಮಾಡಬೇಕು ಹೇಳಿ. ಇನ್ನೊಂದು ವಿಷಯ, ಮಳೆಗಾಲದಲ್ಲಿ ಗೊಂಬೆಗಳಿಗೆ ಬಣ್ಣದ ಮೊದಲು ಹಚ್ಚುವ ಸ್ಪ್ರೇ ಪ್ರೈಮರ್ ಹೊಡೆದರೆ ಬಿಳಿ ಹುಡಿ ಹುಡಿಯಾಗಿ ಕೂರುತ್ತದೆ. ಕರಾವಳಿಯವರು ಹೇಗೆ ನಿಭಾಯಿಸುತ್ತೀರಿ?

ಘಟ್ಟದ ಬಿಲ್ಲುಗಾರ (ಶಿರಸಿ)
ಆನೆಯನ್ನು ನುಗ್ಗಿಸಬೇಡಿ ಮಾರಾಯ್ರೆ. ಪೋರಸ್ ಆನೆ ನಿಲ್ಲಿಸಿದ್ದೇ ಕುದುರೆಗಳನ್ನು ತಡೆಯಲು. ಗ್ರೀಕ್ ಇತಿಹಾಸಕಾರ ಏರಿಯನ್ ಬರೆದ ಪ್ರಕಾರ ಸುಮಾರು 200 ಆನೆ, ಒಂದಕ್ಕೂ ಇನ್ನೊಂದಕ್ಕೂ ಕಡಿಮೆ ಅಂದರೂ 100 ಅಡಿ ಅಂತರ, ಆ ಸಂದಿಯಲ್ಲಿ ಕಾಲಾಳು. ಅಲೆಕ್ಸಾಂಡರನ ಕುದುರೆಗಳು ಆನೆಗೆ ಹೆದರುತ್ತಿದ್ದವು, ಅದಕ್ಕೇ ಅವನು ಆನೆ ಸಾಲಿನ ಎದುರಿಗೆ ಹೋಗದೆ ಪೋರಸನ ಎಡಗಡೆಯ ಕುದುರೆ ಪಡೆಯ ಮೇಲೆ ಬಿದ್ದ. ಡಿಬಿಎಯಲ್ಲೂ ಹಾಗೇ: ಅವನ ಕಂಪ್ಯಾನಿಯನ್ ಕುದುರೆಯವರು (ಅಲೆಕ್ಸಾಂಡರನ ಮುಖ್ಯ ಕುದುರೆ ಪಡೆ) ಆನೆಗೆ ಸೋತರೆ ಹಿಂದೆ ಸರಿಯುವುದಿಲ್ಲ, ಬೇಸ್ ಬೋರ್ಡಿನಿಂದಲೇ ಹೊರಗೆ. ಆದರೆ ಆನೆ ಹಗುರ ಕಾಲಾಳಿಗೆ ಸೋತರೆ ಆನೆಗೂ ಅದೇ ಗತಿ. ಹಾಗಾಗಿ ಆನೆಯ ಎದುರಿಗೆ ಅವನ ಕುದುರೆ ಸಿಗಬೇಕು, ಈಟಿ ಎಸೆಯುವ ಆ ಹಗುರ ಕಾಲಾಳುಗಳಿಗೆ ಎದುರು ನಿಮ್ಮ ಬಿಲ್ಲುಗಾರರು. ಆನೆಯ ಎರಡೂ ಪಕ್ಕಕ್ಕೆ ಬಿಲ್ಲುಗಾರರ ಬೇಸ್ ತಾಗಿಸಿ ಇಡಿ, ಸಂದಿ ಬಿಡಬೇಡಿ. ಕಾಡಿನ ಅಂಚಿಗೆ ಮಾತ್ರ ಆನೆ ಬೇಡವೇ ಬೇಡ, ಅಲ್ಲಿ ಅದರ ಅಂಕ ಇಳಿಯುತ್ತದೆ, ಹಗುರ ಕಾಲಾಳಿಗೆ ಏನೂ ಆಗುವುದಿಲ್ಲ.

ಅಘನಾಶಿನಿ (ಕುಮಟಾ)
ಒಪ್ಪಿದೆ, ಆದರೆ ಸುಮ್ನೆ ನಿಂತುಕೊಂಡರೂ ಗೆಲುವು ಬರುವುದಿಲ್ಲ. ನಿಜವಾದ ಕಾಳಗದಲ್ಲಿ ಹಾಳಾಗಿದ್ದು ಅಲ್ಲೇ: ಎರಡೂ ಕಡೆಯಿಂದ ಒತ್ತಡ ಬಂದು ಆನೆಗಳಿಗೆ ಜಾಗವಿಲ್ಲದೆ, ಮಾವುತರು ಸತ್ತು, ತಮ್ಮವರನ್ನೇ ತುಳಿದವು. ಅಲೆಕ್ಸಾಂಡರನ ಸೇನಾನಿ ಕೀನಸ್ ಹಿಂದಿನಿಂದ ಬಂದಿದ್ದ. ಅದಕ್ಕೆ ನಿಮ್ಮ ಕುದುರೆಯ ಬೇಸ್ ಒಂದನ್ನಾದರೂ ಹಿಂದೆ ಉಳಿಸಿಕೊಳ್ಳಿ. ಪಿಪ್ ಡೈಸಿಗೆ (ಆ ಸರದಿಯಲ್ಲಿ ಎಷ್ಟು ಸಲ ಕದಲಿಸಬಹುದು ಎಂದು ಹೇಳುವ ದಾಳ) ಒಂದು ಬಿದ್ದ ಸರದಿಯಲ್ಲಿ ಎರಡು ಕಡೆ ಕದಲಿಸಲು ಆಗುವುದಿಲ್ಲ, ಮೊದಲೇ ಸರಿಯಾದ ಜಾಗದಲ್ಲಿ ಇರಬೇಕು. ರಥಗಳನ್ನು ನಾನಾದರೆ ಬಿಟ್ಟೇ ಬಿಡುತ್ತೇನೆ. ಆ ದಿನ ಮಳೆಗೆ ನೆಲವೆಲ್ಲ ಕೆಸರು, ಪೋರಸನ ರಥಗಳಿಂದ ಏನೂ ಉಪಯೋಗ ಆಗಲಿಲ್ಲ.

ಘಟ್ಟದ ಬಿಲ್ಲುಗಾರ (ಶಿರಸಿ)
ರಥ ಬಿಡಬೇಡಿ, ನಿಮ್ಮ ಬೋರ್ಡಿನಲ್ಲಿ ಕೆಸರು ಇಲ್ಲವಲ್ಲ!

ಶರಾವತಿ ಕಡವು (ಹೊನ್ನಾವರ)
ಪ್ರೈಮರ್ ಬಗ್ಗೆ ಹೇಳುತ್ತೇನೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಸ್ಪ್ರೇ ಮುಟ್ಟಲೇಬೇಡಿ, ವಾರ್ನಿಷ್ ಸ್ಪ್ರೇ ಕೂಡ. ಜೂನಿನಿಂದ ಸೆಪ್ಟೆಂಬರ್ ತನಕ ನಾನು ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ಮಾತ್ರ ಬಳಸುತ್ತೇನೆ, ತೆಳ್ಳಗೆ ಎರಡು ಸಲ, ಮಧ್ಯೆ ಚೆನ್ನಾಗಿ ಒಣಗಲು ಬಿಡಬೇಕು. ಆನೆಯ ಕಿವಿಯ ಹಿಂದೆ ಬಣ್ಣ ಗಟ್ಟಿಯಾಗಿ ನಿಂತು ಬಿಡುತ್ತದೆ, ಒಣ ಬ್ರಷ್‌ನಿಂದ ಆಗಲೇ ಎಳೆದು ತೆಗೆಯಿರಿ. ಗೊಂಬೆಗಳನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ತಗಡಿನ ಡಬ್ಬಿ ಬೇಡ, ಉಪ್ಪುಗಾಳಿಗೆ ತುಕ್ಕು ಹಿಡಿದು ಬೇಸ್‌ಗಳ ಅಡಿಗೆಲ್ಲ ಕಲೆ ಆಗುತ್ತದೆ.

ಕಾಳಿ ದಂಡೆ (ಕಾರವಾರ)
ತುಂಬಾ ಉಪಕಾರ ಆಯಿತು. ಪೋರಸ್ ಕೂತ ಆನೆಯನ್ನೂ ಸಾಲಿನಲ್ಲೇ ಇಡುವುದಾ, ಹಿಂದೆ ಇಡುವುದಾ?

ಅಘನಾಶಿನಿ (ಕುಮಟಾ)
ಹಿಂದೆ. ನಾಯಕನ ಬೇಸ್ ಹೋಗಿ, ನಿಮ್ಮ ನಷ್ಟವೂ ಅವನದಕ್ಕಿಂತ ಜಾಸ್ತಿ ಇದ್ದರೆ ನಾಲ್ಕಕ್ಕೆ ಕಾಯಬೇಕಾಗಿಲ್ಲ, ಸೋತಿರಿ.